ಐದನೆಯ ಮುಳ್ಳುಹಂದಿ

ಸೆಂಡಾಂಗ್‌ಪಾರಿಯಲ್ಲಿ ಮನೆಗೆ ಬಂದವರ ಮುಖಕ್ಕೆ ‘ಇಲ್ಲ’ ಎನ್ನುವುದು ಎಂಜಲು ಕೈಯಲ್ಲಿ ಬಡಿಸಿದಷ್ಟೇ ಕೆಟ್ಟದ್ದು. ದಾರಿ ಕೇಳಿದ ಪರಸ್ಥಳದವನಿಗೆ ಗೊತ್ತಿಲ್ಲ ಎಂದರೆ ಪಾಪ ಅವನ ಮನಸ್ಸು ನೋಯುತ್ತದೆಂದು ಯಾವುದಾದರೂ ಒಂದು ದಾರಿ ತೋರಿಸಿಯೇ ಕಳಿಸುತ್ತಾರೆ. ಹಾಗೆ ಹೋದವರಲ್ಲಿ ಕೆಲವರು ಇನ್ನೂ ಸುತ್ತುತ್ತಿರಬೇಕು. ಮದುವೆಗೆ ಕರೆದರೆ ಖಂಡಿತ ಬರುತ್ತೇವೆ ಅನ್ನುತ್ತಾರೆ, ಬರುವುದಿಲ್ಲ. ಕರೆದವರೂ ಅವರ ಪಾಲಿನ ಅಕ್ಕಿ ಹಾಕಿರುವುದಿಲ್ಲ. ಯಾವ ಹೌದು ನಿಜವಾದದ್ದು, ಯಾವುದು ಬರೀ ಮರ್ಯಾದೆಯದು ಎಂದು ಊರಿನವರಿಗೆ ಮುಖ ನೋಡಿದರೆ ತಿಳಿಯುತ್ತದೆ. ತಿಳಿಯದವರೆಂದರೆ ಸರ್ಕಾರದವರು. ಅವರೂ ಇದೇ ಜಾವಾ ಸೀಮೆಯವರೇ, ಆದರೆ ಕೈಗೆ ಅರ್ಜಿ ನಮೂನೆ ಬಂದ ದಿನದಿಂದ ಮುಖ ನೋಡುವುದನ್ನು ಬಿಟ್ಟವರು.

ಆ ವರ್ಷ ಜನವರಿಯ ಒಂದು ಸೋಮವಾರ ಗಬುಸ್ ಹೊಳೆಯ ಒಡ್ಡು ಒಡೆಯಿತು. ಹನ್ನೊಂದು ದಿನ ಮನೆಗಳೊಳಗೆ ನೀರು ನಿಂತಿತು. ಕೊಯ್ಲಿಗೆ ಬಂದ ಭತ್ತ ಗದ್ದೆಯಲ್ಲೇ ಕೊಳೆಯಿತು, ಶಾಲೆಯ ಗೋಡೆ ಮಲಗಿತು, ಆಡುಗಳು ತೇಲಿಹೋದವು. ಜನ ಸಾಯಲಿಲ್ಲ ಎನ್ನುವುದೊಂದೇ ಪುಣ್ಯ. ನೀರಿಳಿದ ಮೇಲೆ, ಕಾರಣ ಹುಡುಕಲೆಂದು, ಒಂದೇ ಬಣ್ಣದ ಬಾತಿಕ್ ಅಂಗಿ ತೊಟ್ಟ ನಾಲ್ವರ ತನಿಖಾ ಸಮಿತಿ ಬಂತು. ಅದರ ಅಧ್ಯಕ್ಷರು ಪಾಕ್ ಹೆಂದ್ರಾತ್ಮೊ, ದೊಡ್ಡ ಇಂಜಿನಿಯರು; ಪಾಕ್ ಎಂದರೆ ಯಜಮಾನರೇ ಎಂದ ಹಾಗೆ. ಒಡ್ಡಿನ ಹತ್ತಿರ ಕೆಸರಿತ್ತು, ಬೂಟು ಹೊಸದಿತ್ತು. ಹಾಗಾಗಿ ತನಿಖೆಯೆಲ್ಲ ಊರ ಚಾವಡಿಯಲ್ಲೇ ಕೂತು ನಡೆಯಿತು.

ಸಮಿತಿಗೆ ಊಟ ಹಾಕುವ ಭಾರ ಸರಿಂತೆನ್‌ಳ ಮೇಲೆ ಬಿತ್ತು. ಐವತ್ತೆರಡರ ವಿಧವೆ ಈ ಸರಿಂತೆನ್. ಒಡ್ಡಿನ ಬುಡದಲ್ಲಿ ಅವಳ ಸಾತೆ ಅಂಗಡಿ. ಅಲ್ಲಿ ಸಿಗುವುದು ಮುಳ್ಳುಹಂದಿಯ ಸಾತೆ: ಸಣ್ಣ ತುಂಡುಗಳನ್ನು ಬಿದಿರು ಕಡ್ಡಿಗೆ ಚುಚ್ಚಿ, ಸಿಹಿ ಸೋಯಾ ರಸ ಸವರಿ, ಕೆಂಡದ ಮೇಲೆ ಸುಟ್ಟದ್ದು. ಹೆಸರಿನಲ್ಲಿ ಹಂದಿ ಇದೆಯೆಂದು ಗಾಬರಿಯಾಗಬೇಡಿ; ಅದು ಇಲಿಯ ದಾಯಾದಿ, ಮಸೀದಿಯ ಹಿರಿಯರೇ ಬಂದು ಎರಡು ತಟ್ಟೆ ತಿಂದು ಹೋಗುತ್ತಿದ್ದರು. ಅದನ್ನು ಸಾಕಬಾರದೆಂಬ ಕಾನೂನೂ ಆಗಿನ್ನೂ ಬಂದಿರಲಿಲ್ಲ. ಅಂಗಡಿಯ ಹಿಂದಿನ ಗೂಡಿನಲ್ಲಿ ಅವಳು ತಾನೇ ಮರಗೆಣಸು ಹಾಕಿ ಸಾಕಿದ ಪ್ರಾಣಿಗಳು; ನೀರು ನುಗ್ಗಿದಾಗ ಗೂಡನ್ನೇ ಒಡ್ಡಿನ ಮೇಲಕ್ಕೆ ಹೊತ್ತು ಉಳಿಸಿಕೊಂಡಿದ್ದಳು.

“ಇದೇನ್ರೀ ಮಾಂಸ, ಇಷ್ಟು ಮೆತ್ತಗಿದೆ?” ಎಂದರು ಅಧ್ಯಕ್ಷರು ಐದನೆಯ ಕಡ್ಡಿ ಮುಗಿಸಿ.

“ಮುಳ್ಳುಹಂದಿ, ಪಾಕ್. ನಾನೇ ಸಾಕಿದ್ದು. ಒಡ್ಡಿನ ಬುಡದಲ್ಲೇ ಗೂಡಿದೆ.”

ಅಧ್ಯಕ್ಷರ ಕೈ ಬಾಯಿಯ ಹತ್ತಿರ ನಿಂತಿತು. “ಅದು ನೆಲ ತೋಡುತ್ತೆ, ಅಲ್ವಾ?”

“ಹೌದು.”

“ತಪ್ಪಿಸ್ಕೊಂಡ್ರೆ ಒಡ್ಡನ್ನೂ ತೋಡಬಹುದು?”

“ಹೌದು.”

“ತೋಡಿದ್ರೆ ಒಡ್ಡು ಒಡೀಬಹುದು?”

ಅವರ ತಟ್ಟೆಯಲ್ಲಿ ಇನ್ನೂ ಆರು ಕಡ್ಡಿಗಳಿದ್ದವು. ಉಣ್ಣುತ್ತಿರುವ ಅತಿಥಿಗೆ ಇಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? “ಹೌದು, ಪಾಕ್,” ಎಂದುಬಿಟ್ಟಳು ಸರಿಂತೆನ್.

ಆಮೇಲೆ ಊರಿನವರನ್ನು ಒಬ್ಬೊಬ್ಬರನ್ನಾಗಿ ಕರೆದರು. ಮುಳ್ಳುಹಂದಿಯೇ ಇರಬಹುದಾ ಎಂದರೆ ಎಲ್ಲರೂ ಕೋಲೆ ಬಸವನ ಹಾಗೆ ತಲೆಯಾಡಿಸಿದರು. ನಲವತ್ತೊಂದು ಜನ, ನಲವತ್ತೊಂದು ಹೌದು. ಊರ ಮುಖಂಡ ಪಾಕ್ ಲುರಾ ದರ್ಮಾಜಿ ತಲೆಯೆತ್ತದೆ ಎಲ್ಲವನ್ನೂ ಬರೆದುಕೊಂಡ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಈ ಸಮಿತಿ ಅದಕ್ಕೊಂದು ನಂಬರು ಕೊಟ್ಟು, ಸಹಿ ಮಾಡಿ, ಮೊಹರನ್ನೂ ಒತ್ತಿತು.

ಏಪ್ರಿಲ್‌ನಲ್ಲಿ ವರದಿ ಬಂತು. ‘ನಾಗರಿಕಳಾದ ಸ. ಎಂಬವಳ ಗೂಡಿನಿಂದ ತಪ್ಪಿಸಿಕೊಂಡ ಮುಳ್ಳುಹಂದಿ ತೋಡಿದ ಬಿಲವೇ ಕಾರಣ. ಈ ನಿರ್ಣಯ ಅಂತಿಮ.’ ಒಡ್ಡಿನ ಮೇಲೊಂದು ಬೋರ್ಡು ನೆಟ್ಟರು: ‘ಕಾರಣ ಪತ್ತೆಯಾಗಿದೆ. ಮುಳ್ಳುಹಂದಿಯಿಂದ ಎಚ್ಚರ.’ ಕೆಳಗೊಂದು ಚಿತ್ರ. ಬರೆದವನು ಮುಳ್ಳುಹಂದಿಯನ್ನು ಕಂಡವನಲ್ಲ. ಹಲಸಿನ ಹಣ್ಣಿಗೆ ಕಾಲು ಬಂದ ಹಾಗಿತ್ತು. ಜೊತೆಗೆ ಸರಿಂತೆನ್‌ಗೆ ಒಂದು ನೋಟೀಸು. ಅಕ್ಟೋಬರಿನಲ್ಲಿ ಹೊಸ ಒಡ್ಡಿನ ಉದ್ಘಾಟನೆಯ ದಿನ ಅವಳು ಸ್ಟಾಂಪು ಅಂಟಿಸಿದ ಕ್ಷಮಾಪಣೆ ಪತ್ರವನ್ನು ಊರೆದುರು ಓದಿ, ಸ್ಟಾಂಪಿನ ಮೇಲೆ ಅಡ್ಡ ಸಹಿ ಹಾಕಿ, ಅಂಗಡಿ ಮುಚ್ಚಬೇಕು. ನಮ್ಮ ಕಡೆ ಬಾಯಲ್ಲಿ ಆಡಿದ್ದನ್ನು ಗಾಳಿ ಒಯ್ಯುತ್ತದೆ, ಆದರೆ ಸ್ಟಾಂಪಿನ ಮೇಲೆ ಸಹಿ ಬಿತ್ತೆಂದರೆ ಮುಗಿಯಿತು. ಅವಳು ಸತ್ತ ಮೇಲೂ ಊರು ಮುಳುಗಿಸಿದವಳೇ.

ಊರಿನವರು ಮುಖಕ್ಕೆ ಒಂದು ಮಾತೂ ಆಡಲಿಲ್ಲ. “ನಾಳೆ ಬರ್ತೀವಿ, ಬೂ,” ಎಂದು ಅಮ್ಮನನ್ನು ಕರೆದ ಹಾಗೆ ಕರೆದು, ನಗುತ್ತ ಅಂಗಡಿ ದಾಟಿ ಹೋದರು. ಅದು ಯಾವ ಜಾತಿಯ ನಾಳೆ ಎಂದು ಅವಳಿಗೆ ಗೊತ್ತಿತ್ತು. ಕೆಂಡ ಬೀಸಿ ಬೀಸಿ ಸಂಜೆಗೆ ನೀರು ಹಾಕಿ ಆರಿಸುವುದೇ ಕೆಲಸವಾಯಿತು. ನಾಲ್ಕು ಬೈಗುಳ ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳು ಅತ್ತಳು.

ವರದಿ ಸುಳ್ಳು ಎಂದು ಕೂಗಬಹುದಿತ್ತಲ್ಲ? ಅಲ್ಲೇ ಇತ್ತು ಕಷ್ಟ. ಒಡ್ಡು ಒಡೆದದ್ದು ಸೋಮವಾರ. ಅದಕ್ಕೆ ಮೂರು ದಿನ ಮುಂಚೆ, ಶುಕ್ರವಾರ ಬೆಳಗ್ಗೆ ಮರಗೆಣಸು ಹಾಕುವಾಗ ಗೂಡಿನಲ್ಲಿ ಐದು ಪ್ರಾಣಿಗಳಿದ್ದವು. ಮಧ್ಯಾಹ್ನ ನೋಡಿದರೆ ನಾಲ್ಕು. ಬಾಗಿಲಿನ ಹಗ್ಗ ಬಿಚ್ಚಿತ್ತು. ಹಸಿವಾದರೆ ತಾನೇ ಬರುತ್ತದೆಂದು ಅವಳು ಯಾರಿಗೂ ಹೇಳಲಿಲ್ಲ. ಬಂದದ್ದು ಹೊಳೆ. ಸಮಿತಿಯವರು ತಿಂದುಂಡು ಊಹಿಸಿದ್ದು ಹೌದು, ಆದರೆ ಊಹೆ ಎಲ್ಲಿ ನಿಜವಾಗಿಬಿಟ್ಟಿದೆಯೋ ಎಂಬ ಹುಳ ಅವಳ ತಲೆಯೊಳಗೆ ಹಗಲೆಲ್ಲ ಕೊರೆಯುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ.

ಜೂನ್‌ನಲ್ಲಿ ಮೋಟಾರು ಬೈಕಿನಲ್ಲಿ ಒಬ್ಬ ಹುಡುಗಿ ಬಂದಳು. ಹೆಸರು ವೆನಿಂಗ್, ನಗರದ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಪಾಠ ಹೇಳುವವಳು. ಒಡೆದ ಒಡ್ಡಿನ ಎರಡೂ ತುದಿಗೆ ಹತ್ತಿ ಇಳಿದು, ಮೊಣಕಾಲುದ್ದ ಕೆಸರು ಮಾಡಿಕೊಂಡು, ಪ್ಲಾಸ್ಟಿಕ್ ಚೀಲಗಳಲ್ಲಿ ಮಣ್ಣು ತುಂಬಿದಳು. ಆಮೇಲೆ ಊರೆಲ್ಲ ಸುತ್ತಿ ಸಂಜೆಗೆ ಸಾತೆ ಅಂಗಡಿಗೆ ಬಂದಳು, ಮುಖವೆಲ್ಲ ಬೆಳಕು.

“ಬೂ, ಸಿಕ್ಕೇಬಿಡ್ತು! ಒಡ್ಡಿಗೆ ಜೇಡಿಮಣ್ಣಿನ ಬದಲು ಹೊಳೆ ಮರಳು ತುಂಬಿದ್ರಾ ಅಂತ ಕೇಳ್ದೆ. ಮೂವತ್ತು ಜನ ಹೌದು ಅಂದ್ರು!”

ಸರಿಂತೆನ್‌ಗೆ ತಿಂಗಳುಗಳ ಮೇಲೆ ಮೊದಲ ಸಲ ನಗು ಬಂತು. ಅಕ್ಕ ಎನ್ನುವ ಹಾಗೆ ‘ಮ್ಬಾಕ್’ ಎಂದು ಕರೆದು ಹೇಳಿದಳು: “ಮ್ಬಾಕ್, ಒಂದು ಕೆಲ್ಸ ಮಾಡಿ. ಒಡ್ಡನ್ನ ಆನೆ ಒಡೀತಾ ಅಂತ ಕೇಳ್ಕೊಂಡು ಬನ್ನಿ.”

ವೆನಿಂಗ್ ಹೋದಳು. ಎದುರು ಮನೆಯ ಮುದುಕಪ್ಪ ಮರ್ಯಾದೆಯಿಂದ ಎದ್ದು ನಿಂತು ಹೌದು ಎಂದ. ಆನೆ ಬೆಳ್ಳಗಿತ್ತಾ ಎಂದದ್ದಕ್ಕೂ ಹೌದು ಎಂದು, ಒಳಗಿನಿಂದ ಟೀ ತರಿಸಿ ಕೊಟ್ಟ. ವಾಪಸ್ಸು ಬಂದವಳು ಬೆಂಚಿನ ಮೇಲೆ ಕುಸಿದಳು.

“ಹಾಗಾದ್ರೆ ಯಾರನ್ನ ಕೇಳೋದು ಬೂ?”

“ಮರ್ಯಾದೆ ಕಲೀದೇ ಇರೋರನ್ನ ಕೇಳಿ. ಮಣ್ಣನ್ನ ಕೇಳಿ, ನೀರನ್ನ ಕೇಳಿ. ಅವಕ್ಕೆ ದಾಕ್ಷಿಣ್ಯ ಇಲ್ಲ.”

ಅಂಗಡಿಯ ಹಿಂದೆ ಖಾಲಿ ಮೀನಿನ ತೊಟ್ಟಿಯೊಂದಿತ್ತು. ಮರುದಿನ ಬೆಳಗ್ಗೆ ಅದರೊಳಗೆ ಇಬ್ಬರೂ ಸೇರಿ ಮೊಳದೆತ್ತರದ ಎರಡು ಒಡ್ಡು ಕಟ್ಟಿದರು: ಒಂದು ಕೆಳದಂಡೆಯ ಗಟ್ಟಿ ಒಡ್ಡಿನ ಮಣ್ಣಿನದು, ಇನ್ನೊಂದು ಒಡೆದ ಜಾಗದ್ದು. ಎರಡರ ಹಿಂದೆಯೂ ನೀರು ಹೊಯ್ದರು. ಸರಿಂತೆನ್ ಹತ್ತು ಕಡ್ಡಿ ಸಾತೆ ಸುಟ್ಟು ಮುಗಿಸುವುದರೊಳಗೆ ಎರಡನೆಯದರ ಬುಡದಲ್ಲಿ ನೀರು ಜಿನುಗಿ, ಬೆರಳಗಲ ತೂತಾಗಿ, ಇಡೀ ಒಡ್ಡು ಸದ್ದಿಲ್ಲದೆ ಕೂತುಬಿಟ್ಟಿತು. ಅಲ್ಲಿ ಯಾವ ಪ್ರಾಣಿಯೂ ಇರಲಿಲ್ಲ. ಮೊದಲನೆಯದು ಮಧ್ಯಾಹ್ನದವರೆಗೂ ಅಲುಗಲಿಲ್ಲ.

ಸರಿಂತೆನ್ ಕುಣಿಯುವುದೊಂದು ಬಾಕಿ. “ಗೆದ್ವಿ!”

“ಇಲ್ಲ ಬೂ. ಇದು ತೊಟ್ಟಿ, ಅದು ಹೊಳೆ. ಮರಳಿನ ಒಡ್ಡು ತಾನಾಗೇ ಒಡೀಬಹುದು ಅಂತ ಗೊತ್ತಾಯ್ತು, ಅಷ್ಟೆ. ಅವತ್ತು ಹಾಗೇ ಒಡೀತು ಅಂತ ಆಗಲಿಲ್ಲ. ಒಳಗೆ ಬಿಲ ಇತ್ತಾ ಅಂತ ಹಳೇ ತುದಿಗಳನ್ನ ಅಗೆದು ನೋಡ್ಬೇಕು.” ಆಮೇಲೆ ಪುಸ್ತಕ ತೆರೆದು ನೇರವಾಗಿ ಕೇಳಿದಳು: “ನಿಮ್ಮ ಪ್ರಾಣಿ ಯಾವ್ದಾದ್ರೂ ತಪ್ಪಿಸ್ಕೊಂಡಿತ್ತಾ?”

ಸರಿಂತೆನ್ ಒಲೆಯ ಕಡೆ ತಿರುಗಿ ಕೆಂಡ ಬೀಸತೊಡಗಿದಳು. “ಇಲ್ಲ,” ಎಂದಳು.

ವೆನಿಂಗ್ ಅದನ್ನು ಬರೆದುಕೊಂಡು ಅಡಿಗೆ ಎರಡು ಗೆರೆ ಎಳೆದಳು. “ಈ ಊರಲ್ಲಿ ಇಲ್ಲ ಅಂದವರು ನೀವೊಬ್ರೇ. ಅದಕ್ಕೇ ನಂಬ್ತೀನಿ.”

ಜೀವಮಾನದಲ್ಲಿ ಎಷ್ಟೋ ಸುಳ್ಳು ಹೌದುಗಳನ್ನು ಹೇಳಿ ಚೆನ್ನಾಗಿ ನಿದ್ದೆ ಮಾಡಿದವಳು ಸರಿಂತೆನ್. ಈ ಒಂದು ಇಲ್ಲ ಗಂಟಲಲ್ಲಿ ಸಿಕ್ಕಿಕೊಂಡಿತು. ಅಂದಿನಿಂದ ತಾನು ಬಾಯಿಗಿಟ್ಟ ಅನ್ನವೂ ಅವಳಿಗೆ ರುಚಿಸಲಿಲ್ಲ.

ಇಬ್ಬರೂ ಜಿಲ್ಲಾ ಕಚೇರಿಗೆ ಹೋದರು. ಅಧ್ಯಕ್ಷರು ಪ್ರೀತಿಯಿಂದಲೇ ಕೂರಿಸಿ ಕಡಲೆಬೀಜ ಕೊಟ್ಟರು. ವೆನಿಂಗ್ ಮಣ್ಣಿನ ಲೆಕ್ಕ, ಚಿತ್ರ, ಎಲ್ಲವನ್ನೂ ಮೇಜಿನ ಮೇಲೆ ಹರವಿದಳು.

“ಬಹಳ ಚೆನ್ನಾಗಿದೆ. ವಿಜ್ಞಾನ ಅಂದ್ರೆ ನಂಗೂ ಇಷ್ಟ. ಆದ್ರೆ ಮ್ಬಾಕ್, ವಿಜ್ಞಾನ ಬೇರೆ, ವರದಿ ಬೇರೆ. ವರದಿಗೆ ಸಹಿ ಆಗಿದೆ.”

“ಸಹಿ ಆದ್ಮೇಲೆ ಪ್ರಶ್ನೆ ಕೇಳಬಾರ್ದಾ, ಪಾಕ್?”

“ಕೇಳಿ, ಧಾರಾಳವಾಗಿ ಕೇಳಿ. ಉತ್ತರ ಮಾತ್ರ ಅದರಲ್ಲಿ ಇರೋದೇ. ಒಬ್ಬೊಬ್ರು ಬಂದು ಒಂದೊಂದ್ಸಲ ವರದಿ ತೆರೆಸ್ತಾ ಹೋದ್ರೆ ಜನಕ್ಕೆ ಸಮಾಧಾನ ಹೇಗಾಗುತ್ತೆ?” ಎಂದು ಇನ್ನಷ್ಟು ಕಡಲೆಬೀಜ ಸುರಿದರು. ಹೊರಗೆ ಬಂದಾಗ ಹೊಸ ಒಡ್ಡಿನ ಕಡೆಗೆ ಲಾರಿಗಳು ಹೋಗುತ್ತಿದ್ದವು. ವೆನಿಂಗ್ ಬೈಕಿನ ಮೇಲೆ ಎದ್ದು ನಿಂತು ಲಾರಿಗಳೊಳಗೆ ಇಣುಕಿದಳು. ಅವುಗಳ ತುಂಬ ಇದ್ದದ್ದು ಮತ್ತೆ ಹೊಳೆ ಮರಳೇ.

ಅಕ್ಟೋಬರ್ ಬಂತು. ಹೊಸ ಒಡ್ಡಿನ ಕೆಳಗೆ ಶಾಮಿಯಾನ, ಹಳದಿ ಅನ್ನದ ಗೋಪುರ, ಕೆಂಪು ಟೇಪು, ಚಿನ್ನದ ಬಣ್ಣದ ಕತ್ತರಿ. ಪಾಕ್ ಲುರಾ ದರ್ಮಾಜಿ ಹೊಸ ಬೂಟು ಹಾಕಿಕೊಂಡು ಮೈಕು ಹಿಡಿದಿದ್ದ. ಪಕ್ಕದಲ್ಲಿ ಅವನ ಹೆಂಡತಿ ಬೂ ಲುರಾ, ಅವನು ಏನು ತಿನ್ನುತ್ತಾನೆಂದು ಕಣ್ಣಿಟ್ಟು ಕೂತಿದ್ದಳು. ಅವನಿಗೆ ಕೀಲುವಾತ, ವೈದ್ಯರು ಮಾಂಸ ಬಿಡಿಸಿ ವರ್ಷವಾಗಿತ್ತು. ಅವನಿಗೆ ಒಂದು ಕಡ್ಡಿಯನ್ನೂ ಕೊಡಕೂಡದೆಂದು ಅವಳು ಸರಿಂತೆನ್‌ಗೂ ತಾಕೀತು ಮಾಡಿದ್ದಳು.

ಅಧ್ಯಕ್ಷರು ಭಾಷಣ ಮುಗಿಸಿ ಪತ್ರವನ್ನು ಸರಿಂತೆನ್‌ಳ ಕೈಗಿತ್ತರು. ಸ್ಟಾಂಪು ಅಂಟಿಸಿ ಸಿದ್ಧವಾಗಿತ್ತು. ಹಿಂದಿನ ಸಾಲಿನಲ್ಲಿ ವೆನಿಂಗ್ ಮಣ್ಣಿನ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಮುಖ ನೋಡಿದ್ದೇ ಸರಿಂತೆನ್‌ಗೆ ಆ ಎರಡು ಗೆರೆ ನೆನಪಾಯಿತು. ಪತ್ರ ಓದಿದರೆ ಗೊತ್ತಿಲ್ಲದ್ದಕ್ಕೆ ಹೌದು ಎಂದ ಹಾಗೆ. ಓದದೆ ಸುಮ್ಮನಿದ್ದರೆ ಗೊತ್ತಿದ್ದದ್ದನ್ನು ಮುಚ್ಚಿಟ್ಟ ಹಾಗೆ. ಅವಳು ಪತ್ರವನ್ನು ಮಡಿಚಿದಳು.

“ಮ್ಬಾಕ್ ವೆನಿಂಗ್, ನಿಮ್ಮ ಪುಸ್ತಕದಲ್ಲಿ ನನ್ನ ಮಾತು ಹೊಡೆದು ಹಾಕಿ. ನನ್ನ ಹತ್ರ ಐದು ಇತ್ತು. ಒಡ್ಡು ಒಡೆಯೋ ಮೂರು ದಿನ ಮುಂಚೆ, ಶುಕ್ರವಾರ ಮಧ್ಯಾಹ್ನ, ಒಂದು ಹೋಯ್ತು. ಹೆದರಿ ಮುಚ್ಚಿಟ್ಟೆ.”

ಶಾಮಿಯಾನದಡಿ ಗುಸುಗುಸು ಎದ್ದಿತು. ವೆನಿಂಗ್‌ಳ ಮುಖ ಬಿಳುಚಿತು. ಅಧ್ಯಕ್ಷರಿಗೆ ಹಬ್ಬ.

“ಕೇಳಿದ್ರಾ! ಕೇಳಿದ್ರಾ ಎಲ್ರೂ! ವರದಿ ಅಕ್ಷರಶಃ ನಿಜ!”

“ನಿಜಾನೋ ಸುಳ್ಳೋ ನಂಗೆ ಗೊತ್ತಿಲ್ಲ, ಪಾಕ್. ನಿಮಗೂ ಗೊತ್ತಿಲ್ಲ. ಅದು ಬಿಲ ತೋಡಿದ್ರೆ ಹಳೇ ತುದೀಲಿ ಗುರುತು ಇರುತ್ತೆ, ಮುಳ್ಳು ಬಿದ್ದಿರುತ್ತೆ. ಅಗೆಸಿ. ಒಂದೇ ಒಂದು ಮುಳ್ಳು ಸಿಕ್ಲಿ, ಈ ಪತ್ರ ನಾನೇ ಮೂರು ಸಲ ಓದ್ತೀನಿ.”

“ಅಗೆಯೋದೆಲ್ಲ ಬೇಡ!” ಎಂದವರೇ ಅಧ್ಯಕ್ಷರಿಗೆ ಏನೋ ಹೊಳೆದು ಮುಖ ಕಪ್ಪಿಟ್ಟಿತು. “ಒಂದ್ನಿಮಿಷ. ಆ ಪ್ರಾಣಿ ಇನ್ನೂ ಹೊರಗೇ ಇದೆ ಅಂತಾಯ್ತು. ಈಗ ಈ ಹೊಸ ಒಡ್ಡನ್ನೂ ತೋಡ್ತಿರಬಹುದು! ಪಾಕ್ ಲುರಾ, ಇವತ್ತಿಂದ ಅದು ಸಿಗೋವರೆಗೂ ನೀವು ಒಡ್ಡಿನ ಮೇಲೇ ಡೇರೆ ಹಾಕ್ಕೊಂಡು ಕಾಯ್ಬೇಕು. ಮಳೆ ಬಂದ್ರೂ ಇಳಿಯೋ ಹಾಗಿಲ್ಲ.”

ಪಾಕ್ ಲುರಾ ಒಡ್ಡನ್ನು ನೋಡಿದ, ಮೋಡ ನೋಡಿದ, ಪತ್ರ ಹಿಡಿದು ನಿಂತ ಸರಿಂತೆನ್‌ಳನ್ನು ನೋಡಿದ. ಅವಳನ್ನು ನೋಡಿದ ಮೇಲೆ ತಲೆ ಕೆಳಗೆ ಹಾಕಿದ. ಮೈಕು ಬಾಯಿಯ ಹತ್ತಿರವೇ ಇದ್ದದ್ದನ್ನು ಅವನು ಮರೆತಿರಬೇಕು.

“ಅದು ಸಿಗಲ್ಲ, ಪಾಕ್.”

“ಯಾಕೆ?”

“ನಾನು ತಿಂದೆ.”

ಮೈಕು ಅದನ್ನು ಊರಿಗೆಲ್ಲ ಕೇಳಿಸಿತು. ಬೂ ಲುರಾ ಎದ್ದು ನಿಂತಳು. “ಏನಂದ್ರಿ?”

“ಈ ಸರಿಂತೆನ್ ನಂಗೆ ಮಾರಲ್ಲ ಅಂತಿದ್ಲಲ್ಲ... ಶುಕ್ರವಾರ ಎಲ್ರೂ ನಮಾಜಿಗೆ ಹೋಗಿದ್ದಾಗ ಹಗ್ಗ ಬಿಚ್ಚಿದೆ. ಗದ್ದೆ ಗುಡಿಸಲಲ್ಲಿ ಸುಟ್ಕೊಂಡೆ. ಮುಳ್ಳೆಲ್ಲ ಅಲ್ಲೇ ಮಣ್ಣಲ್ಲಿ ಹೂತಿದೀನಿ, ಬೇಕಾದ್ರೆ ತೆಗೆದು ತೋರಿಸ್ತೀನಿ.”

“ಹೊಟ್ಟೆನೋವು ಅಂತ ಮಸೀದಿಗೆ ಹೋಗ್ಲಿಲ್ಲ ನೀವು ಅವತ್ತು!”

“ಆಮೇಲೆ ನಿಜವಾಗ್ಲೂ ನೋವು ಬಂತು ಕಣೇ.”

ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಶಾಮಿಯಾನದ ಕಂಬ ಅಲುಗುವ ಹಾಗೆ ಇಡೀ ಊರು ನಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಸಾಲದೆಂದು, ಹೊಲ ಮೇಯ್ದವರು ಯಾರೆಂಬ ನಲವತ್ತೊಂದು ಸಾಕ್ಷಿಗಳನ್ನೂ ಬೇಲಿಯೇ ಬರೆದುಕೊಂಡಿತ್ತು. ಸರಿಂತೆನ್ ಮಾತ್ರ ನಗಲಿಲ್ಲ. ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಅದು ಸಿಟ್ಟಿನದೋ ಹಗುರಾದದ್ದೋ ಅವಳಿಗೇ ತಿಳಿಯಲಿಲ್ಲ.

“ಒಂಬತ್ತು ತಿಂಗಳು, ಪಾಕ್ ಲುರಾ. ಊರು ಮುಳುಗಿಸಿದ್ದು ನಾನೇ ಏನೋ ಅಂತ ಒಂಬತ್ತು ತಿಂಗಳು ಒಳಗೊಳಗೇ ಸತ್ತೆ. ನೀವು ಎದುರಿಗೇ ಕೂತು ಬರ್ಕೊಂಡ್ರಿ.”

ಅಧ್ಯಕ್ಷರು ಬೇಗ ಸುಧಾರಿಸಿಕೊಂಡರು. ಅವರ ಕೆಲಸದಲ್ಲಿ ಬೇಗ ಸುಧಾರಿಸಿಕೊಳ್ಳದವರು ಅಧ್ಯಕ್ಷರಾಗುವುದಿಲ್ಲ. ಸಹಾಯಕನ ಕೈಯಿಂದ ಪೆನ್ನು ಇಸಿದುಕೊಂಡು ಗಂಟಲು ಸರಿಮಾಡಿಕೊಂಡರು.

“ಸರಿ. ಮುಳ್ಳುಹಂದಿ ಅಲ್ಲ ಅಂತಾಯ್ತು. ಹಾಗಾದ್ರೆ ಈ ಮ್ಬಾಕ್ ಹೇಳೋ ಹಾಗೆ ಮರಳೇ ಕಾರಣ ಅಂತ ಈಗ್ಲೇ ಬರೆದು ಸಹಿ ಮಾಡ್ಬಿಡ್ತೀನಿ, ವಿಷಯ ಮುಗೀತು. ಎಲ್ರಿಗೂ ಒಪ್ಪಿಗೆ ತಾನೆ?”

“ಹೌದು!” ಎಂದಿತು ಊರು ಒಂದೇ ದನಿಯಲ್ಲಿ.

ವೆನಿಂಗ್ ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಸರಿಂತೆನ್ ಅಧ್ಯಕ್ಷರ ಪೆನ್ನಿನ ಮೇಲೆ ಅಂಗೈ ಇಟ್ಟಾಗಿತ್ತು.

“ನಂಗೆ ಒಪ್ಪಿಗೆ ಇಲ್ಲ, ಪಾಕ್. ಅಗೆದು ನೋಡ್ದೆ ನನ್ನ ತಲೆ ಮೇಲೆ ಹೊರಿಸಿದ್ರಿ. ಈಗ ಅಗೆದು ನೋಡ್ದೇನೇ ಇಳಿಸ್ತಿದೀರಿ. ನಾಳೆ ಇನ್ನೊಬ್ರು ಬಂದು ಇನ್ನೊಂದು ಕೇಳಿದ್ರೆ ಇವರೆಲ್ಲ ಅದಕ್ಕೂ ಹೌದು ಅಂತಾರೆ, ಮಳೆ ಬಂದಾಗ ಒಡ್ಡು ಮಾತ್ರ ಯಾರ ಮಾತೂ ಕೇಳಲ್ಲ. ಇವತ್ತು ಯಾವುದಕ್ಕೂ ಸಹಿ ಬೇಡ. ಮೊದ್ಲು ಅಗೆಯೋಣ.”

“ಟೇಪು ಕಟ್ಟಿದೆ, ಬೂ. ಇನ್ನೂ ಕತ್ತರಿಸಿಲ್ಲ,” ಎಂದರು ಅಧ್ಯಕ್ಷರು ಸಣ್ಣ ದನಿಯಲ್ಲಿ.

“ಇರ್ಲಿ ಬಿಡಿ. ಬಗ್ಗಿ ಹೋಗ್ತೀವಿ.”

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಟೇಪಿನಡಿ ನುಸುಳಿದಳು. ಹಿಂದೆಯೇ ವೆನಿಂಗ್ ಚೀಲಗಳನ್ನು ಎತ್ತಿಕೊಂಡು ಓಡಿದಳು. ಹೊಸ ಒಡ್ಡು ಹಳೆಯದನ್ನು ಸೇರುವ ತುದಿಯಲ್ಲಿ ಕೆಲಸದವರು ಬಿಟ್ಟುಹೋದ ಗುದ್ದಲಿಗಳಿದ್ದವು. ಊರಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಇಬ್ಬರು ಎದ್ದರು, ಆಮೇಲೆ ಹತ್ತು ಜನ. ಸರಿಂತೆನ್ ಎರಡು ಗುದ್ದಲಿ ಎತ್ತಿಕೊಂಡು ಒಂದನ್ನು ಹೊಸ ಬೂಟಿನಲ್ಲಿ ಕುಂಟುತ್ತ ಬಂದ ಪಾಕ್ ಲುರಾನ ಎದೆಗೆ ಒತ್ತಿದಳು.

“ಮೊದಲನೇ ಏಟು ನೀವೇ ಹಾಕಿ. ತಿಂದದ್ದು ಕರಗಲಿ.”